ಗಡಿ ರಸ್ತೆಯಲ್ಲಿ ಒಂಟಿ ಕುದುರೆ ಕಂಡರೆ ಯಾರಿಗೆ ಹೇಳಬೇಕು?

ಮಹಾರಾಷ್ಟ್ರದ ಮಿರಜದಿಂದ ನಮ್ಮ ಕಾಗವಾಡ ದಾಟಿ ಅಥಣಿ ಕಡೆ ಬರುವಾಗ ರಸ್ತೆ ಪಕ್ಕ ಒಂದು ಬಡಕಲು ಕುದುರೆ ನೋಡಿದೆ, ಮುಂಗಾಲು ಎರಡೂ ಕಟ್ಟಿದ್ದರು, ಸುತ್ತ ಯಾರೂ ಇರಲಿಲ್ಲ, ಯಾರಿಗೆ ದೂರು ಕೊಡಲಿ ಅಂತ ಕೇಳಿದ್ದೀರಿ. ದಾರಿಹೋಕರು ಇಷ್ಟು ಕಾಳಜಿ ಮಾಡಿ ಕೇಳುವುದೇ ಅಪರೂಪ. ನಾನು ಇದೇ ಭಾಗದವನು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಮುಂಗಾಲು ಕಟ್ಟಿದ್ದರು ಅಂದ ಕೂಡಲೇ ನನಗೆ ನೆನಪಾಗುವುದು ಕುರಿಗಾರರು. ಮಳೆಗಾಲ ಮುಗಿದ ಮೇಲೆ ಕುರಿ ಹಿಂಡುಗಳು ಊರೂರು ತಿರುಗುತ್ತವೆ. ನಮ್ಮ ಕುರುಬರು ಆ ಕಡೆ ಹೋಗುತ್ತಾರೆ, ಮಹಾರಾಷ್ಟ್ರದ ಧನಗರರು ಈ ಕಡೆ ಬರುತ್ತಾರೆ. ಅವರ ಸಂಸಾರವೆಲ್ಲ ಕುದುರೆ ಬೆನ್ನ ಮೇಲೆ. ಕೌದಿ, ಪಾತ್ರೆ, ರಾತ್ರಿ ಕುರಿ ಕೂಡಿ ಹಾಕುವ ಬಲೆ, ಬುಟ್ಟಿಯಲ್ಲಿ ಕೋಳಿ, ಆಗಷ್ಟೇ ಹುಟ್ಟಿದ ಮರಿ. ಯಾರದ್ದಾದರೂ ಹೊಲದಲ್ಲಿ ಕುರಿ ತರುಬಿದಾಗ, ಅಂದರೆ ಹಿಂಡು ನಿಲ್ಲಿಸಿದಾಗ, ಕುದುರೆಯ ಮುಂಗಾಲಿಗೆ ಸಡಿಲವಾಗಿ ಹಗ್ಗ ಹಾಕಿ ಮೇಯಲು ಬಿಡುತ್ತಾರೆ. ದೂರ ಓಡಬಾರದು, ಅಷ್ಟೇ ಉದ್ದೇಶ. ಯಜಮಾನ ಅರ್ಧ ಕಿಲೋಮೀಟರ್ ಆಚೆ ಕುರಿ ಹಿಂದೆ ಇರುತ್ತಾನೆ. ಪಕ್ಕದ ಹೊಲದವರನ್ನು "ಕಾಕಾ, ಈ ಕುದುರಿ ಯಾರ್ದರೀ?" ಅಂತ ಒಂದು ಮಾತು ಕೇಳಿದರೆ ಗೊತ್ತಾಗುತ್ತದೆ.

ಇನ್ನು ದೇವರಿಗೆ ಬಿಟ್ಟ ಕುದುರೆಗಳೂ ಇವೆ. ಕಾಗವಾಡದ ಹತ್ತಿರದ ಮಂಗಸೂಳಿಯಲ್ಲಿ ಖಂಡೋಬಾ ಇದ್ದಾನೆ, ಕುದುರೆ ಏರಿದ ದೇವರು. ಚಿಕ್ಕೋಡಿ ತಾಲೂಕಿನ ಅಂಕಲಿಯ ಶಿತೋಳೆ ಸರ್ಕಾರ್ ಮನೆತನದ ಕುದುರೆಗಳು ಪ್ರತಿ ವರ್ಷ ಆಷಾಢ ಏಕಾದಶಿಗೆ ಮುಂಚೆ ಪುಣೆ ಹತ್ತಿರದ ಆಳಂದಿಗೆ ನಡೆದೇ ಹೋಗುತ್ತವೆ, ಸಂತ ಜ್ಞಾನೇಶ್ವರರ ಪಾಲಕಿಯ ಜೊತೆ ಪಂಢರಪುರ ಮುಟ್ಟುತ್ತವೆ. ದಾರಿಯಲ್ಲಿ ಭಕ್ತರ ನಡುವೆ ಕುದುರೆ ಓಡಿಸುವ ರಿಂಗಣದಲ್ಲಿ ಅವು ಓಡಿದ ಜಾಗದ ಮಣ್ಣನ್ನು ವಾರಕರಿಗಳು, ಅಂದರೆ ಪಂಢರಪುರಕ್ಕೆ ನಡೆದು ಹೋಗುವ ಭಕ್ತರು, ಹಣೆಗೆ ಹಚ್ಚಿಕೊಳ್ಳುತ್ತಾರೆ. 2021ರ ಮೇ ತಿಂಗಳ ಲಾಕ್‌ಡೌನ್ ಹೊತ್ತಲ್ಲಿ ಗೋಕಾಕ ತಾಲೂಕಿನ ಮರಡಿಮಠದ ಕುದುರೆ ಸತ್ತಾಗ ಅಂತ್ಯಕ್ರಿಯೆಗೆ ನೂರಾರು ಜನ ಸೇರಿದರು, ಆಡಳಿತ ಊರನ್ನೇ ಸೀಲ್‌ಡೌನ್ ಮಾಡಬೇಕಾಯಿತು. ಇಲ್ಲಿ ಕುದುರೆ ಅಂದರೆ ಹಾಗೆ. ದೇವರ ಕುದುರೆಯನ್ನು ಯಾರೋ ಬಿಟ್ಟು ಹೋಗಿದ್ದಾರೆ ಅಂತ ಲಾರಿಗೆ ಹತ್ತಿಸಲು ಹೋದರೆ ಊರಿಗೆ ಊರೇ ಎದುರು ನಿಲ್ಲುತ್ತದೆ.

ಆದರೆ ಇಷ್ಟೆಲ್ಲ ಭಕ್ತಿ ಇದ್ದೂ ಹಾಳಾಗುವ ಕುದುರೆಗಳು ಇವೆ. ಅದನ್ನು ಮುಚ್ಚಿಡುವುದು ನನಗೆ ಇಷ್ಟವಿಲ್ಲ. ಆಟೋ ಬಂದ ಮೇಲೆ ಟಾಂಗಾ ಹೋಯಿತು. ಈಗ ಉಳಿದಿದ್ದು ಮದುವೆ ಮೆರವಣಿಗೆ ಮತ್ತು ಶರ್ಯತ್ತು, ಅಂದರೆ ಓಟದ ಪಂದ್ಯ. ನೊಗದ ಒಂದು ಬದಿ ಕುದುರೆ, ಇನ್ನೊಂದು ಬದಿ ಎತ್ತು ಕಟ್ಟಿ ಡಾಂಬರ್ ರಸ್ತೆ ಮೇಲೆ ಓಡಿಸುವ ಶರ್ಯತ್ತು ನೀವು ನೋಡಿರಲಿಕ್ಕಿಲ್ಲ. ಅಕ್ಕಪಕ್ಕ ಬೈಕಿನ ಮೇಲೆ ಹುಡುಗರು ಕೂಗುತ್ತಾ ಬರುತ್ತಾರೆ. ಕುದುರೆ ಎತ್ತಿನ ಓಟಕ್ಕೆ ಹೊಂದುವುದಿಲ್ಲ, ಎತ್ತು ಕುದುರೆಯ ಓಟಕ್ಕೆ ಹೊಂದುವುದಿಲ್ಲ, ಎರಡಕ್ಕೂ ಹಿಂಸೆ. ಕಂಬಳಕ್ಕೂ ಎತ್ತಿನ ಗಾಡಿ ಓಟಕ್ಕೂ ಅವಕಾಶ ಕೊಡಲು ರಾಜ್ಯ 2017ರಲ್ಲಿ ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದಿತು, 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿ ಹಿಡಿಯಿತು. ಅದರಲ್ಲಿ ಇರುವುದು ಕೋಣ ಮತ್ತು ಎತ್ತು. ಕುದುರೆಯ ಹೆಸರಿಲ್ಲ. ಹೀಗೆ ಓಡಿ ಕಾಲು ಕೆಟ್ಟ ಕುದುರೆಗೆ ಮೇವು ಹಾಕುವವರು ಕಡಿಮೆ. ರಾತ್ರಿ ಹೊತ್ತು ಪಕ್ಕದ ರಾಜ್ಯದ ಗಡಿಯೊಳಗೆ ಬಿಟ್ಟು ಬಂದರೆ ಕೇಳುವವರಿಲ್ಲ ಅನ್ನುವ ಧೈರ್ಯ ಬೇರೆ.

ಹಾಗಾದರೆ ಬಿಟ್ಟ ಕುದುರೆ ಅಂತ ಗೊತ್ತಾಗುವುದು ಹೇಗೆ? ಗೊರಸು ನೋಡಿ. ಸಾಕಿದವರು ಗೊರಸು ಕತ್ತರಿಸುತ್ತಾರೆ. ತಿಂಗಳುಗಟ್ಟಲೆ ಯಾರೂ ಮುಟ್ಟದ ಗೊರಸು ಉದ್ದ ಬೆಳೆದು ಮುಂದಕ್ಕೆ ಬಾಗಿರುತ್ತದೆ, ಅಂಚು ಸೀಳಿರುತ್ತದೆ, ಹಳೆಯ ಲಾಳ ಅರ್ಧ ಕಿತ್ತು ನೇತಾಡುತ್ತಿರುತ್ತದೆ. ಕಾಲಿಗೆ ಕಟ್ಟಿದ ಹಗ್ಗ ಚರ್ಮದೊಳಗೆ ಇಳಿದಿದ್ದರೆ ಅದು ಕುರಿಗಾರರ ಹಗ್ಗವಲ್ಲ. ಬೆನ್ನ ಮೇಲೆ, ಹೆಗಲ ಹತ್ತಿರ ಹುಣ್ಣಾಗಿ ನೊಣ ಮುತ್ತಿದೆಯಾ ನೋಡಿ. ಕತ್ತಿನ ಚರ್ಮವನ್ನು ಮೆಲ್ಲಗೆ ಎತ್ತಿ ಬಿಟ್ಟಾಗ ಅದು ತಕ್ಷಣ ಕೂರದೆ ಮಡಿಕೆಯಾಗಿಯೇ ನಿಂತರೆ ಮೈಯಲ್ಲಿ ನೀರಿಲ್ಲ ಅಂತ. ಆದರೆ ಮೂಗಿನಿಂದ ಸಿಂಬಳ ಸುರಿಯುತ್ತಿದ್ದರೆ, ಮೈಮೇಲೆ ಗಂಟು ಎದ್ದು ಕೀವು ಬರುತ್ತಿದ್ದರೆ ಮುಟ್ಟಲೇಬೇಡಿ. ಗ್ಲಾಂಡರ್ಸ್ ಅನ್ನುವ ರೋಗ ಇರಬಹುದು, ಅದು ಮನುಷ್ಯರಿಗೂ ಹರಡುತ್ತದೆ.

ಕರುಣೆ ಉಕ್ಕಿ ಬ್ರೆಡ್, ಅನ್ನ, ಕಾಳು ಸುರಿಯಬೇಡಿ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಹಸಿದ ಹೊಟ್ಟೆಗೆ ಒಮ್ಮೆಲೇ ಕಾಳು ಬಿದ್ದರೆ ಹೊಟ್ಟೆಶೂಲೆ ಬಂದು ಸಾಯಬಹುದು. ಬಕೆಟ್‌ನಲ್ಲಿ ನೀರು, ಒಂದು ಹಿಡಿ ಒಣಹುಲ್ಲು ಸಾಕು. ಉಳಿದದ್ದು ಡಾಕ್ಟರು ನೋಡಿಕೊಳ್ಳಲಿ.

ಮೊದಲ ಕರೆ 1962ಕ್ಕೆ. ಅದು ಪಶು ಆಂಬ್ಯುಲೆನ್ಸ್ ನಂಬರ್, ಮಹಾರಾಷ್ಟ್ರದಲ್ಲೂ ಇದೇ. ಪೊಲೀಸರಿಗೆ 112. ಇಲ್ಲಿ ಒಂದು ವಿಷಯ ಗೊತ್ತಿರಲಿ. ಗಡಿಯಲ್ಲಿ ನಿಂತು ಫೋನ್ ಮಾಡಿದರೆ ಟವರ್ ಆ ಕಡೆಯದ್ದಾಗಿ ಕರೆ ಮಹಾರಾಷ್ಟ್ರಕ್ಕೆ ಹೋಗಬಹುದು, ಮರಾಠಿಯಲ್ಲಿ ಉತ್ತರ ಬರಬಹುದು. ಗಾಬರಿಯಾಗಿ ಕಟ್ ಮಾಡಬೇಡಿ. ರಾಜ್ಯ, ಜಿಲ್ಲೆ, ತಾಲೂಕು, ಊರು ಇಷ್ಟನ್ನು ಮೊದಲು ಹೇಳಿ. ಎಲ್ಲಿದ್ದೀರಿ ಅಂತ ಗೊತ್ತಾಗದಿದ್ದರೆ ಅಂಗಡಿ ಬೋರ್ಡಿನ ಕೆಳಗಿನ ವಿಳಾಸ, ಕಿಲೋಮೀಟರ್ ಕಲ್ಲು ನೋಡಿ. ಬೋರ್ಡಿನ ಭಾಷೆ ನಂಬಬೇಡಿ. ಈ ಕಡೆಯ ಊರುಗಳಲ್ಲಿ ಮರಾಠಿ ಬೋರ್ಡ್ ಇರುತ್ತದೆ, ಆ ಕಡೆ ಜತ್ತ, ಅಕ್ಕಲಕೋಟೆ ತಾಲೂಕಿನಲ್ಲಿ ಮನೆಮನೆಯಲ್ಲೂ ಕನ್ನಡ ಮಾತಾಡುತ್ತಾರೆ.

ಠಾಣೆಗಿಂತ ಮುಂಚೆ ಪಶು ಆಸ್ಪತ್ರೆಗೆ ಹೇಳಿ ಅನ್ನುವುದು ನನ್ನ ಅಭಿಪ್ರಾಯ. ಡಾಕ್ಟರು ನೋಡಿ ಬರೆದುಕೊಟ್ಟ ಒಂದು ಹಾಳೆ ಇಲ್ಲದೆ ಕೇಸು ನಿಲ್ಲುವುದು ಕಷ್ಟ. ಆಮೇಲೆ ಠಾಣೆಗೆ ಲಿಖಿತ ದೂರು ಕೊಡಿ, ಜೊತೆಗೆ ಫೋಟೋ, ದಿನಾಂಕ, ಜಾಗ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್‌ನಲ್ಲಿ ಮೇವು ನೀರು ಕೊಡದಿರುವುದು, ಗಾಯಗೊಂಡ ಪ್ರಾಣಿಯನ್ನು ದುಡಿಸುವುದು, ಹಸಿವೆಯಿಂದ ನರಳುವಂತೆ ಬಿಟ್ಟು ಹೋಗುವುದು ಎಲ್ಲವೂ ಅಪರಾಧ. ಆದರೆ ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಹೌದು, ಈಗಲೂ ಅಷ್ಟೇ. ಇದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಇಂಥ ಬಹುತೇಕ ದೂರುಗಳಿಗೆ ಪೊಲೀಸರು ನೇರ ಎಫ್‌ಐಆರ್ ಮಾಡುವಂತಿಲ್ಲ, ಎನ್‌ಸಿ (ಅಸಂಜ್ಞೇಯ ಪ್ರಕರಣ) ಅಂತ ಬರೆದುಕೊಂಡು ಕೋರ್ಟಿನ ಅನುಮತಿ ಕೇಳಬೇಕು. ಅವರು ತಡ ಮಾಡಿದರೆ ಅದಕ್ಕೆ ಇದೂ ಒಂದು ಕಾರಣ. ಕುದುರೆಯನ್ನು ಕೊಂದಿದ್ದರೆ, ಕಾಲು ಮುರಿದು ಊನ ಮಾಡಿದ್ದರೆ ಮಾತು ಬೇರೆ. ಅದು ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್, ಐದು ವರ್ಷದವರೆಗೆ ಜೈಲು. ಅದಕ್ಕೆ ಯಾವ ಠಾಣೆಯಲ್ಲಿ ಬೇಕಾದರೂ ಝೀರೋ ಎಫ್‌ಐಆರ್ ಮಾಡಿಸಬಹುದು. "ಇದು ನಮ್ಮ ಹದ್ದಿಗೆ ಬರಲ್ಲ, ಆ ರಾಜ್ಯಕ್ಕೆ ಹೋಗ್ರಿ" ಅಂದರೆ ಸುಮ್ನೆ ವಾಪಸ್ ಬರಬೇಡಿ.

ಯಾರದ್ದೂ ಅಲ್ಲದ ಕುದುರೆ ಅಂತ ಖಚಿತವಾದರೆ ಪಂಚಾಯಿತಿ ಪಿಡಿಒಗೂ ಒಂದು ಅರ್ಜಿ ಕೊಡಿ. ಹಳೆಯ ಊರುಗಳಲ್ಲಿ ಕೊಂಡವಾಡ ಇರುತ್ತದೆ, ಅಡ್ಡಾಡುವ ದನ ಕೂಡಿ ಹಾಕುವ ಜಾಗ. ಕುದುರೆಗೂ ಅದು ನಡೆಯುತ್ತದೆ. ಈಗ ಎಷ್ಟೋ ಕಡೆ ಅದರ ಗೋಡೆ ಬಿದ್ದಿದೆ. ಗೋಶಾಲೆಗಳು ದನಕ್ಕೆ ಮಾಡಿದವು, ಕುದುರೆ ಅಂದರೆ ಹಿಂದೇಟು ಹಾಕುತ್ತವೆ. ಅದಕ್ಕೇ ಜಿಲ್ಲಾ ಪ್ರಾಣಿ ದಯಾ ಸಂಘಕ್ಕೆ ಅರ್ಜಿಯ ಪ್ರತಿ ಕಳಿಸುವುದು ಮುಖ್ಯ. ಕುದುರೆಯನ್ನು ಎಲ್ಲಿ ಇಡಬೇಕು ಅನ್ನುವ ಪ್ರಶ್ನೆಗೆ ಜಿಲ್ಲಾ ಮಟ್ಟದಲ್ಲಿ ಮಾತ್ರ ಉತ್ತರ ಸಿಗುತ್ತದೆ.

ಮಾಲೀಕ ಸಿಕ್ಕರೆ ಜಗಳಕ್ಕೆ ಇಳಿಯಬೇಡಿ. ನೀವು ಹೊರಗಿನವರು, ಅವನ ಮಾತಿಗೆ ಊರವರು ಸೇರುತ್ತಾರೆ. ಮೇವಿಗೆ ದುಡ್ಡಿಲ್ಲದೆ ಸೋತವನು ಇರುತ್ತಾನೆ, ಶರ್ಯತ್ತಿನ ಹುಚ್ಚಿಗೆ ಕುದುರೆ ಹಾಳು ಮಾಡಿದವನೂ ಇರುತ್ತಾನೆ. ಮೊದಲನೆಯವನಿಗೆ ಡಾಕ್ಟರು ಬಂದು ಔಷಧಿ ಕೊಟ್ಟು ನಾಲ್ಕು ಮಾತು ಹೇಳಿದರೆ ಸಾಕಾಗುತ್ತದೆ. ಎರಡನೆಯವನಿಗೆ ಕೇಸೇ ಬೇಕು.

ದೂರಿನ ಸ್ವೀಕೃತಿ ತೆಗೆದುಕೊಳ್ಳುವುದು ಮರೆಯಬೇಡಿ. ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಘಟನೆ ನಡೆದು ಮೂರು ತಿಂಗಳಾದ ಮೇಲೆ ಮೊಕದ್ದಮೆ ಹೂಡಲು ಬರುವುದಿಲ್ಲ. ಊರಿಗೆ ಹೋದ ಮೇಲೆ ನೋಡೋಣ ಅಂತ ಬಿಟ್ಟರೆ ದಿನ ಕಳೆದೇ ಹೋಗುತ್ತದೆ. ನೀವು ನೋಡಿದ ಕುದುರೆಯ ಕಾಲಿನ ಹಗ್ಗ ಸಡಿಲ ಇತ್ತಾ, ಬಿಗಿ ಇತ್ತಾ ಅಂತ, ಫೋಟೋ ತೆಗೆದಿದ್ದರೆ ಅದರಲ್ಲಿ ನೋಡಿ ತಿಳಿಸಿ. ಬಿಗಿ ಇದ್ದರೆ ಜಾಗ ಹೇಳಿ, ನಾಳೆಯೇ ಅಲ್ಲಿಯ ಪಶು ಆಸ್ಪತ್ರೆಗೆ ನಾನು ಹೋಗಿ ಮಾತಾಡುತ್ತೇನೆ.