ಬಹುಮಹಡಿ ಸರ್ಕಾರಿ ಶಾಲೆ: ಮೊದಲು ಮೆಟ್ಟಿಲು, ಆಮೇಲೆ ಗೋಡೆ

ಹತ್ತು ಮಹಡಿಯ ಸರ್ಕಾರಿ ಶಾಲೆಗೆ ಎಂಥ ಸರಿಯುವ ಗೋಡೆ ಹಾಕಿಸಿದರೆ ಮುಂದಿನ ಕಾಲದ ಕಲಿಕೆಗೂ ಒಗ್ಗುತ್ತದೆ ಎಂದು ಕೇಳಿದ್ದೀರಿ. ಇದೇ ಪ್ರಶ್ನೆ ಹಿಡಿದುಕೊಂಡು ನಾನೂ ಇಂಥದ್ದೇ ಶಾಲೆಯ ನಕ್ಷೆ ಬರೆಯಲು ಕೂತಿದ್ದೆ.

ನಮ್ಮ ತಂಡದ ಗಮನವೆಲ್ಲ ಗೋಡೆಗಳ ಮೇಲೇ ಇತ್ತು. ಮೆಟ್ಟಿಲಿನ ಅಗಲವನ್ನು ಮಾತ್ರ ಅಗ್ನಿ ಸುರಕ್ಷತೆಯ ನಿಯಮ ಕೇಳಿದಷ್ಟೇ ಇಟ್ಟೆವು. ತಪ್ಪಿದ್ದು ಅಲ್ಲೇ. ಬೆಂಕಿ ಬಿದ್ದಾಗ ಎಲ್ಲರೂ ಒಂದೇ ದಿಕ್ಕಿಗೆ ಇಳಿಯುತ್ತಾರೆ, ಬರಿಗೈಯಲ್ಲಿ. ಪೀರಿಯಡ್ ಬದಲಾದಾಗ ಹಾಗಲ್ಲ. ಕೆಲವರು ಹತ್ತುತ್ತಾರೆ, ಕೆಲವರು ಇಳಿಯುತ್ತಾರೆ, ಎಲ್ಲರ ಬೆನ್ನ ಮೇಲೂ ಬ್ಯಾಗ್. ತಿರುವಿನಲ್ಲಿ ಗೆಳೆಯರು ಸಿಕ್ಕರೆ ನಿಂತೇ ಬಿಡುತ್ತಾರೆ. ಇದು ದಿನಕ್ಕೆ ಹಲವು ಸಲ. ಈ ಲೆಕ್ಕವನ್ನು ನಿಯಮ ಕೇಳಲಿಲ್ಲ, ನಾವೂ ಮಾಡಲಿಲ್ಲ. ಲಿಫ್ಟ್ ಇದೆಯಲ್ಲ ಅಂದುಕೊಂಡೆವು. 800 ಮಕ್ಕಳು ಒಟ್ಟಿಗೆ ಹೊರಟರೆ, 20 ಜನ ಹಿಡಿಸುವ ನಾಲ್ಕು ಲಿಫ್ಟ್‌ಗಳು ತಲಾ ಹತ್ತು ಸಲ ಓಡಾಡಬೇಕು. ಅಷ್ಟರಲ್ಲಿ ಪಾಠದ ಹೊತ್ತೇ ಕರಗಿಹೋಗುತ್ತದೆ, ಅಲ್ವಾ?

ಶಾಲೆ ಶುರುವಾದ ಮೇಲೆ ಆಗಿದ್ದೂ ಅದೇ. ಕೊನೆಗೆ ಶಿಕ್ಷಕರು ಓಡಾಟ ಕಡಿಮೆಯಾಗುವ ಹಾಗೆ ಟೈಮ್‌ಟೇಬಲ್ ಬಿಗಿ ಮಾಡಿದರು. ಬೆಳಿಗ್ಗೆ ಹತ್ತಿದ ಮಹಡಿಯಲ್ಲೇ ಮಕ್ಕಳು ಸಂಜೆವರೆಗೆ ಉಳಿದರು. ಮೇಲಿನ ವರ್ಕ್‌ಶಾಪ್ ಹೆಚ್ಚಿನ ಹೊತ್ತು ಖಾಲಿ. ಸದ್ದು ದಾಟಿ ಬರುತ್ತದೆಂದು ಸರಿಯುವ ಗೋಡೆಗಳನ್ನು ಯಾರೂ ತೆರೆಯಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ಬದಲಿಸಿ ಅನ್ನುತ್ತೇನೆ: ಮಕ್ಕಳು ಓಡಾಡುವುದು ಹೇಗೆ ಎಂದು ಮೊದಲು ಕೇಳಿ, ಗೋಡೆಯ ಮಾತು ಆಮೇಲೆ. ಅಮೆರಿಕದಲ್ಲಿ 1960, 70ರ ದಶಕಗಳಲ್ಲಿ ಒಳಗೋಡೆಗಳೇ ಇಲ್ಲದ ಶಾಲೆಗಳನ್ನು ಕಟ್ಟಿದರು. ಗದ್ದಲ ತಡೆಯಲಾರದೆ ಶಿಕ್ಷಕರು ಕಪಾಟುಗಳನ್ನು ಅಡ್ಡ ಇಟ್ಟುಕೊಂಡರು. ಎಷ್ಟೋ ಕಡೆ ಆಮೇಲೆ ಗೋಡೆಯೇ ಬಂತು. ದುಬಾರಿ ಸರಿಯುವ ಗೋಡೆಗಿಂತ, ಕಟ್ಟಡದ ಭಾರ ಹೊರದ ಸಾದಾ ಪಾರ್ಟಿಷನ್ ಒಳ್ಳೆಯದು. ಬೇಡವಾದರೆ ಒಂದು ರಜೆಯಲ್ಲಿ ಕಿತ್ತು ಬೇರೆ ಕಡೆ ಹಾಕಬಹುದು. ಕೀಳುವಾಗ ಅಡ್ಡ ಬರದಂತೆ ನೀರು, ವಿದ್ಯುತ್ತಿನ ಕೊಳವೆಗಳು ಮಾತ್ರ ಒಂದೇ ಬದಿಗಿರಲಿ.

ಎರಡು ಮೂರು ಮಹಡಿ ಸೇರಿಸಿ ಒಂದು ಪುಟ್ಟ ಶಾಲೆ ಅಂದುಕೊಳ್ಳಿ. ತರಗತಿ, ಪ್ರಯೋಗಾಲಯ, ಶೌಚಾಲಯ, ಶಿಕ್ಷಕರ ಕೋಣೆ ಎಲ್ಲ ಅದರೊಳಗೇ ಇರಲಿ, ನಡುವೆ ಅಗಲವಾದ ಮೆಟ್ಟಿಲು. ಆಟದ ಜಾಗವೂ ಅಲ್ಲೇ ಬೇಕು. ಲಂಡನ್ನಿನ ಹ್ಯಾಂಪ್ಡನ್ ಗರ್ನಿ ಪ್ರಾಥಮಿಕ ಶಾಲೆಯ 2002ರ ಕಟ್ಟಡ ನೋಡಿ, ಮೇಲಿನ ಮಹಡಿಗಳಲ್ಲೂ ಆಟದ ಅಂಗಳ ಕೊಟ್ಟಿದ್ದಾರೆ. ಮೇಲಿನ ಮಹಡಿಯ ಮಕ್ಕಳು ಆಟಕ್ಕೆಂದು ನೆಲದವರೆಗೆ ಇಳಿಯಬೇಕಾಗಿಲ್ಲ. ಎಲ್ಲರೂ ಬರುವ ಸಭಾಂಗಣ, ಲೈಬ್ರರಿ, ಊಟದ ಕೋಣೆ ಕೆಳಗಿರಲಿ. ಲಿಫ್ಟ್ ಇರುವುದು ಮೆಟ್ಟಿಲು ಹತ್ತಲಾಗದವರಿಗೆ, ಸಾಮಾನಿಗೆ. ಅಲ್ಲಿ ಅವರು ಸಾಲಿನಲ್ಲಿ ಕಾಯುವಂತಾಗಬಾರದು.

ನಕ್ಷೆ ಮುಗಿಯುವ ಮುನ್ನವೇ ಟೈಮ್‌ಟೇಬಲ್ ಮಾಡುವ ಶಿಕ್ಷಕರನ್ನು ಕರೆದು ಕೂರಿಸಿ. ಒಂದು ಬೆಲ್‌ಗೆ ಯಾವ ಮಹಡಿಯಿಂದ ಯಾವ ಮಹಡಿಗೆ ಎಷ್ಟು ಮಕ್ಕಳು ಹೋಗುತ್ತಾರೆಂದು ಬರೆಸಿಕೊಳ್ಳಿ. ಮೆಟ್ಟಿಲಿನ ಅಗಲ ಆ ಸಂಖ್ಯೆಯಿಂದ ಬರಲಿ. ಅಗ್ನಿ ನಿಯಮ ಹೇಳುವ ಅಳತೆಗಿಂತ ಕಡಿಮೆಯಂತೂ ಆಗಬಾರದು.