ಓಡಿದ ಗಾಡಿ ಗಟ್ಟಿಯೋ, ನಿಂತ ಗಾಡಿ ಗಟ್ಟಿಯೋ?

ಪ್ರಶ್ನೆ: ನಮ್ಮ 1998ರ ಮಾರುತಿ 800 ಓಡಿದ್ದು ಬರೀ 48,000 ಕಿ.ಮೀ. ಎರಡು ವರ್ಷದಿಂದ ಬೇವಿನ ಮರದ ಕೆಳಗೆ ನಿಂತಿದೆ. ಪಕ್ಕದ ಮನೆಯವರ ಅದೇ ವರ್ಷದ ಗಾಡಿ ಒಂದೂವರೆ ಲಕ್ಷ ದಾಟಿಯೂ ದಿನಾ ಓಡುತ್ತಿದೆ. ನಮ್ಮದೇ ಗಟ್ಟಿ ಅಲ್ಲವೇ? ಹೊಸ ಬ್ಯಾಟರಿ ಹಾಕಿ ಸ್ಟಾರ್ಟ್ ಮಾಡಬಹುದೇ? (ಗಂಗಾವತಿ)

ಉತ್ತರ: ಪಕ್ಕದ ಮನೆಯದ್ದೇ ಗಟ್ಟಿ ಇರುವ ಸಂಭವ ಹೆಚ್ಚು. ಎಂಜಿನ್ ಸವೆಯುವುದು ಕಿಲೋಮೀಟರ್ ಲೆಕ್ಕದಲ್ಲಿ. ರಬ್ಬರು, ಬ್ರೇಕ್ ಆಯಿಲ್, ಪೆಟ್ರೋಲ್ ಕೆಡುವುದು ದಿನಗಳ ಲೆಕ್ಕದಲ್ಲಿ.

ಬ್ಯಾಟರಿ ಕೊನೆಗೆ ತನ್ನಿ. ಮೊದಲು ಟ್ಯಾಂಕಿನ ಹಳೇ ಪೆಟ್ರೋಲ್ ಪೂರ್ತಿ ಇಳಿಸಿ. ಅದರಲ್ಲಿರುವ ಎಥೆನಾಲ್ ಗಾಳಿಯ ತೇವ ಹೀರಿ, ನೀರು ತಳಕ್ಕಿಳಿದು ಟ್ಯಾಂಕಿಗೆ ಒಳಗಿನಿಂದಲೇ ತುಕ್ಕು ಹಿಡಿಸುತ್ತದೆ. ಕಾರ್ಬ್ಯುರೇಟರ್ ಜೆಟ್‌ನಲ್ಲಿ (ಪೆಟ್ರೋಲ್ ಹಾಯುವ ಸಣ್ಣ ತೂತಿನಲ್ಲಿ) ಪೆಟ್ರೋಲ್ ಆರಿ ಅಂಟಾಗಿರುತ್ತದೆ, ಬಿಚ್ಚಿ ತೊಳೆಸಿ. ಪೆಟ್ರೋಲ್ ಪೈಪನ್ನು ಬಾಗಿಸಿ ನೋಡಿ. ಬಿರುಕಿದ್ದರೆ ಎಥೆನಾಲ್ ತಾಳುವ ಪೈಪ್ ಹಾಕಿಸಿ. ಇಲ್ಲಿ ಉಳಿತಾಯ ಬೇಡ, ಸೋರಿದರೆ ಬೆಂಕಿಯ ಭಯ.

ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದ್ದರೆ ಹಿಂದಿನ ಚಕ್ರದ ಬ್ರೇಕ್ ಶೂಗಳು ಡ್ರಮ್ಮಿಗೆ ಕಚ್ಚಿರಬಹುದು. ನ್ಯೂಟ್ರಲ್‌ನಲ್ಲಿ ಚಕ್ರ ಉರುಳುತ್ತದೆಯೇ ನೋಡಿಕೊಳ್ಳಿ. ನಂತರ ಎಂಜಿನ್ನಿನ ಮೂರೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಂದೊಂದು ತೂತಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಒಂದು ರಾತ್ರಿ ಬಿಡಿ. ಮರುದಿನ ಟಾಪ್ ಗೇರಿಗೆ ಹಾಕಿ ಮೆಲ್ಲಗೆ ನೂಕಿ. ಎಂಜಿನ್ ತಿರುಗದಿದ್ದರೆ ಬಲವಂತ ಬೇಡ. ಪಿಸ್ಟನ್ ರಿಂಗ್ ತುಕ್ಕಿಗೆ ಹಿಡಿದುಕೊಂಡಿರಬಹುದು, ಮೆಕ್ಯಾನಿಕ್ಕನ್ನು ಕರೆಸಿ. ತಿರುಗಿದರೆ ಆಯಿಲ್, ಫಿಲ್ಟರ್ ಬದಲಿಸಿ. ಟೈಮಿಂಗ್ ಬೆಲ್ಟ್ ಹಳೆಯದಾದರೆ ಸ್ಟಾರ್ಟ್ ಮಾಡುವ ಮೊದಲೇ ಹೊಸದು ಹಾಕಿಸಿ. ಬ್ರೇಕ್ ಆಯಿಲನ್ನು ಓಡಿಸಿದರೂ ಓಡಿಸದಿದ್ದರೂ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು.

ಟೈರಿನ ಪಕ್ಕದ ನಾಲ್ಕು ಅಂಕಿ ಓದಿ: 2318 ಎಂದರೆ 2018ರ 23ನೇ ವಾರದ್ದು. ಹತ್ತು ವರ್ಷ ದಾಟಿದ್ದರೆ, ಟೈರಿನ ಅಚ್ಚು ಸವೆಯದೆ ಆಳವಾಗಿದ್ದರೂ ತೆಗೆಸಿ. ಬೇವಿನ ಎಲೆ ಮುಂದಿನ ಗಾಜಿನ ಬುಡದ ಜಾಲರಿಯಲ್ಲಿ ತುಂಬಿ ಮಳೆನೀರು ಒಳಗಿಳಿಯುತ್ತದೆ, ಕೈಹಾಕಿ ತೆಗೆಯಿರಿ. ನಿಮ್ಮದು ಭತ್ತದ ಸೀಮೆ, ಇಲಿಗಳಿಗೆ ಬರವಿಲ್ಲ. ಬ್ಯಾಟರಿ ಜೋಡಿಸುವ ಮುನ್ನ ವೈರಿಂಗ್ ಕಡಿದಿದೆಯೇ ನೋಡಿ. ಹದಿನೈದು ವರ್ಷ ದಾಟಿದ ಗಾಡಿಗೆ ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ ಬೇಕು. ಅದಾಗದೆ ರಸ್ತೆಗಿಳಿಸಬೇಡಿ.

ಪ್ರಶ್ನೆ: ಅದಿರಿನ ಧೂಳು ಕೂರುತ್ತದೆಂದು ದಿನಾ ಕಾರನ್ನು ಒಣಬಟ್ಟೆಯಿಂದ ಒರೆಸುತ್ತೇವೆ. ಆದರೂ ಬಣ್ಣ ಮಾಸಿ, ಬಾಗಿಲ ಕೆಳಗೆ ಕೆಂಪಾಗಿದೆ. (ಸಂಡೂರು)

ಉತ್ತರ: ಬಣ್ಣ ಮಾಸಿದ್ದು ಒಣಬಟ್ಟೆಯಿಂದಲೇ. ಅದಿರಿನ ಪುಡಿ ಉಪ್ಪುಕಾಗದದಂತೆ ಉಜ್ಜುತ್ತದೆ. ಮೊದಲು ನೀರು ಸುರಿದು ಧೂಳು ಹರಿಸಿ, ಆಮೇಲೆ ಬಟ್ಟೆ ಮುಟ್ಟಿಸಿ. ಕೆಂಪು ಕಂಡದ್ದೆಲ್ಲ ತುಕ್ಕಲ್ಲ. ಒದ್ದೆ ಬಟ್ಟೆಗೆ ಹೋದರೆ ಅದು ಧೂಳು. ಹೋಗದೆ ಬಣ್ಣ ಗುಳ್ಳೆಯೆದ್ದಿದ್ದರೆ ತುಕ್ಕು ಒಳಗಿನಿಂದ ಬಂದಿದೆ. ಬಾಗಿಲ ತಳದ ನೀರು ಹೋಗುವ ತೂತುಗಳು ಧೂಳಿನಿಂದ ಕಟ್ಟಿಕೊಂಡಿರುತ್ತವೆ. ಮಳೆಗಾಲಕ್ಕೆ ಮುಂಚೆ ಬಿದಿರು ಕಡ್ಡಿಯಿಂದ ಬಿಡಿಸಿ. ರೇಡಿಯೇಟರ್ ಸಂದುಗಳಿಗೂ ಇದೇ ಧೂಳು. ಎಂಜಿನ್ ತಣ್ಣಗಿರುವಾಗ ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ, ಜೋರಿನ ನೀರಿಗೆ ರೆಕ್ಕೆಗಳು ಬಾಗುತ್ತವೆ.

ಪ್ರಶ್ನೆ: ಬಿಸಿಲಿಗೆ ಡ್ಯಾಶ್‌ಬೋರ್ಡ್ ಸೀಳಿದೆ. ಪಾಲಿಷ್ ಹಚ್ಚಿದರೆ ಕೂಡುತ್ತದೆಯೇ? (ರಾಯಚೂರು)

ಉತ್ತರ: ಇಲ್ಲ. ಗಾಜಿಗೆ ಒಳಗಿನಿಂದ ಬಿಸಿಲುಪರದೆ ಇಡಿ, ಸೀಳು ಮುಂದುವರಿಯುವುದು ನಿಧಾನವಾಗುತ್ತದೆ.