ಉತ್ತರ: ಕಾಫಿ ಕಣಕ್ಕೆ ಪ್ಲಾಸ್ಟಿಕ್ ಇಟ್ಟಿಗೆ ಹಾಸಬಹುದೇ?

ಪೊನ್ನಂಪೇಟೆಯ ತೋಟದಲ್ಲಿ ಖಾಲಿ ಗೊಬ್ಬರದ ಚೀಲ ಕರಗಿಸಿ, ಮರಳು ಬೆರೆಸಿ, ಕಾಫಿ ಒಣಗಿಸುವ ಕಣಕ್ಕೆ ಇಟ್ಟಿಗೆ ಹಾಸಬಹುದೇ ಎಂದು ಕೇಳಿದ್ದೀರಿ. ಕಣಕ್ಕೆ ದಯವಿಟ್ಟು ಬೇಡ. ಬಿಸಿಲಿಗೆ ಮೇಲ್ಮೈ ಸವೆದು, ಕಾಫಿ ಎಳೆದಾಡುವಾಗ ಪ್ಲಾಸ್ಟಿಕ್ ಪುಡಿ ಅದಕ್ಕೇ ಸೇರುತ್ತದೆ. ಗೇಟಿನಿಂದ ಮನೆವರೆಗಿನ ಕಾಲುದಾರಿಗಾದರೆ ಧಾರಾಳವಾಗಿ ಹಾಕಿ. ನೀರು ಹೀರುವುದು ತೀರಾ ಕಡಿಮೆ, ನಮ್ಮ ಕೊಡಗಿನ ಕಕ್ಕಡದ (ಜುಲೈ-ಆಗಸ್ಟ್ ನಡುವಿನ ತಿಂಗಳ) ಮಳೆಗೆ ಬೇಕಾದದ್ದೂ ಅದೇ. ಮೇಲ್ಮೈ ಮಾತ್ರ ಒರಟಾಗಿರಲಿ, ಪಾಚಿ ಕಟ್ಟಿದರೆ ಜಾರುತ್ತದೆ.

ನೇಯ್ದ ಚೀಲ ಪಾಲಿಪ್ರೊಪಿಲೀನ್, ಸುಮಾರು 160 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ನೀರಿನ ಬಾಟಲಿಗೆ 250 ಬೇಕು, ಅದನ್ನು ಬೆರೆಸಬೇಡಿ. ಪಿವಿಸಿ ಪೈಪಿನ ತುಂಡಂತೂ ಒಂದೂ ಬೇಡ. ಅದರ ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್ ಇರುತ್ತದೆ. ಮರಳು ಪೂರ್ತಿ ಒಣಗಿರಲಿ. ತೇವವಿದ್ದರೆ ಆವಿಯೆದ್ದು ಒಳಗೆ ಗುಳ್ಳೆ ಉಳಿಯುತ್ತದೆ, ಇಟ್ಟಿಗೆ ಅಲ್ಲೇ ಮುರಿಯುತ್ತದೆ. ಬಚ್ಚಲೊಲೆಯಲ್ಲಿ ಕರಗಿಸುವ ಯೋಚನೆ ಬಿಡಿ. ಉಷ್ಣತೆ ಹಿಡಿತದಲ್ಲಿರುವ, ಹೊಗೆ ಹೊರಹೋಗುವ ಯಂತ್ರವಿರುವ ಕಡೆಗೇ ಚೀಲ ಒಯ್ಯಿರಿ.